ಹದಿನೆಂಟರ ಆಚೆಯ ಹೃದಯ

ಮುಂಬಯಿ ಕನ್ನಡಿಗರ ಬಾಯಲ್ಲಿ ಪರೇಲ್ ಎಂದರೆ ಒಂದು ಕಾಲಕ್ಕೆ ಬಟ್ಟೆಗಿರಣಿ. ಗಿರಣಿಗಳ ಭೋಂಗಾ ನಿಂತುಹೋದ ಮೇಲೆ ಆ ಹೆಸರಿಗೆ ಉಳಿದಿರುವ ಅರ್ಥ ಆಸ್ಪತ್ರೆ. 1926ರಲ್ಲಿ ಆರಂಭವಾದ ಕೆ.ಇ.ಎಂ., 1929ರ ಬಾಯಿ ಜೇರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ, 1941ರ ಟಾಟಾ ಸ್ಮಾರಕ ಆಸ್ಪತ್ರೆ, ಎಲ್ಲವೂ ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ಹತ್ತಿರದಲ್ಲಿವೆ. ಊರಿನಿಂದ ಕಾಯಿಲೆಯವರನ್ನು ಕರೆತಂದವರಿಗೆ ನಮ್ಮ ಹಿರಿಯರು ದಾರಿ ಹೇಳುತ್ತಿದ್ದ ಕ್ರಮ ಸರಳವಾಗಿತ್ತು: ಗಡ್ಡೆಯಾದರೆ ಟಾಟಾ, ಮಗುವಾದರೆ ವಾಡಿಯಾ, ಏನೆಂದು ತಿಳಿಯದಿದ್ದರೆ ಕೆ.ಇ.ಎಂ. ಕಾಯಿಲೆಗೊಂದು ಗೇಟು, ವಯಸ್ಸಿಗೊಂದು ಗೇಟು. ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದು, ಬದುಕುಳಿದು, ದೊಡ್ಡವರಾದವರು ಯಾವ ಗೇಟಿಗೆ ಹೋಗಬೇಕೆಂದು ಹಿರಿಯರಲ್ಲಿ ಯಾರೂ ಹೇಳಿದ್ದು ನಮಗೆ ನೆನಪಿಲ್ಲ. ಅವರ ಕಾಯಿಲೆ ಮಕ್ಕಳದ್ದು, ವಯಸ್ಸು ದೊಡ್ಡವರದ್ದು.

ಇಂಥವರು ಅಪರೂಪವೇನಲ್ಲ. ಜಗತ್ತಿನ ಎಲ್ಲೆಡೆಯೂ ಸಾವಿರ ಶಿಶುಗಳಲ್ಲಿ ಸುಮಾರು ಎಂಟು-ಒಂಬತ್ತು ಶಿಶುಗಳು ಹೃದಯದ ದೋಷದೊಂದಿಗೆ ಹುಟ್ಟುತ್ತವೆ. ನಮ್ಮ ದೇಶದ ಜನನಸಂಖ್ಯೆಗೆ ಈ ಲೆಕ್ಕವನ್ನು ಹಚ್ಚಿದರೆ ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲಾಗುತ್ತದೆ. ಅವರಲ್ಲಿ ಐದರಲ್ಲೊಂದು ಪಾಲು ಮಕ್ಕಳಿಗೆ ಮೊದಲ ವರ್ಷದಲ್ಲೇ ಶಸ್ತ್ರಚಿಕಿತ್ಸೆಯೋ ಬೇರೆ ಉಪಚಾರವೋ ಬೇಕಾಗುತ್ತದೆ. ಉಳಿದವರಲ್ಲಿ ಕೆಲವರ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಲವರದು ಸುಮ್ಮನೆ ಕಾಯುತ್ತದೆ. ಇಂಗ್ಲಿಷಿನ 'ಕಂಜೆನಿಟಲ್' ಎಂಬ ಪದದ ಲ್ಯಾಟಿನ್ ಮೂಲಕ್ಕೆ 'ಜೊತೆಯಲ್ಲಿ ಹುಟ್ಟಿದ್ದು' ಎಂದರ್ಥ. ಜೊತೆಯಲ್ಲಿ ಹುಟ್ಟಿದ್ದು ಜೊತೆಯಲ್ಲೇ ಬೆಳೆಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಮ್ಮ ಗಾದೆ ಸ್ವಭಾವವನ್ನು ಕುರಿತದ್ದಾದರೂ ಹೃದ್ರೋಗ ತಜ್ಞರು ಅದನ್ನು ಕೇಳಿದರೆ ತಲೆದೂಗುತ್ತಾರೆ.

ಈ ಮಕ್ಕಳ ಹೃದಯಕ್ಕೆ ಮನುಷ್ಯರು ಕೈಹಾಕಿದ್ದೇ ಈಚೆಗೆ. 1944ರ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಎಂಬ ಶಸ್ತ್ರವೈದ್ಯರು ನೀಲಿಗಟ್ಟಿದ್ದ ಒಂದು ಮಗುವಿನ ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಹಾಗೆ ಮಾಡಬಹುದೆಂದು ಸೂಚಿಸಿದವರು ಹೆಲೆನ್ ಟಾಸಿಗ್. ಕಿವಿ ಮಂದವಾಗಿದ್ದರಿಂದ ಮಕ್ಕಳ ಎದೆಬಡಿತವನ್ನು ಬೆರಳಿನಿಂದ ಮುಟ್ಟಿ ಅರಿಯುತ್ತಿದ್ದ ವೈದ್ಯೆ. ಅದನ್ನು ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇಲೆ ಮಾಡಿ ಸಾಧಿಸಿಕೊಂಡವರು ವಿವಿಯನ್ ಥಾಮಸ್ ಎಂಬ ಕಪ್ಪುವರ್ಣೀಯ ತಂತ್ರಜ್ಞ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬ್ಲಾಲಾಕರ ಬೆನ್ನಹಿಂದೆ ನಿಂತು ದಾರಿ ಹೇಳಿದವರೂ ಅವರೇ. ಆ ಚಿಕಿತ್ಸೆಗೆ ಮೊದಲಿಬ್ಬರ ಹೆಸರು ಬಂತು, ಮೂರನೆಯವರ ಹೆಸರು ಸೇರುವುದಕ್ಕೆ ದಶಕಗಳು ಬೇಕಾದವು. ಹತ್ತು ವರ್ಷಗಳ ಬಳಿಕ, 1954ರಲ್ಲಿ, ಮಿನ್ನೆಸೋಟಾದ ವಾಲ್ಟನ್ ಲಿಲ್ಲೆಹೈ ಇನ್ನೊಬ್ಬ ಮನುಷ್ಯನ ದೇಹವನ್ನೇ ಯಂತ್ರದಂತೆ ಪಕ್ಕದಲ್ಲಿ ಮಲಗಿಸಿ, ಆತನ ಹೃದಯದ ಬಲದಿಂದ ರೋಗಿಯ ರಕ್ತವನ್ನು ಓಡಿಸುತ್ತ, ಒಳಗಿನ ತೂತನ್ನೇ ಮುಚ್ಚಿದರು. ನಮ್ಮ ಪರೇಲಿನವರೂ ಹಿಂದುಳಿದವರಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮೊತ್ತಮೊದಲ ಹೃದಯ ಕಸಿ ನಡೆದ ಎರಡೂವರೆ ತಿಂಗಳೊಳಗೆ, 1968ರ ಫೆಬ್ರವರಿಯಲ್ಲಿ, ಕೆ.ಇ.ಎಂ.ನಲ್ಲಿ ಡಾ. ಪಿ.ಕೆ. ಸೇನ್ ಹೃದಯ ಕಸಿ ಮಾಡಿದ್ದರು. ರೋಗಿ ಕೆಲವೇ ಗಂಟೆ ಬದುಕಿದ್ದು ಬೇರೆ ಮಾತು.

ಈ ಕಥೆಗಳನ್ನೆಲ್ಲ ನಾವು ಗೆಲುವಿನ ಕಥೆಗಳೆಂದು ಓದುತ್ತೇವೆ. ಆ ಮಕ್ಕಳು ಆಮೇಲೆ ಏನಾದರು ಎಂದು ಕೇಳುವವರು ಕಡಿಮೆ. ಅವರು ದೊಡ್ಡವರಾದರು. ಲಂಡನ್ನಿನ ಜೇನ್ ಸೋಮರ್‌ವಿಲ್ ಎಂಬ ವೈದ್ಯೆ ಅದನ್ನು ಗಮನಿಸಿ, 1975ರಲ್ಲಿ ಅಲ್ಲಿನ ನ್ಯಾಷನಲ್ ಹಾರ್ಟ್ ಹಾಸ್ಪಿಟಲ್‌ನಲ್ಲಿ ಇಂಥ ಬೆಳೆದ ಮಕ್ಕಳಿಗೆಂದೇ ಒಂದು ವಾರ್ಡು ತೆರೆದರು. ಶ್ರೀಮಂತ ದೇಶಗಳಲ್ಲಿ ಈಗ ಹೃದಯದೋಷದಿಂದ ಹುಟ್ಟಿದ ಹತ್ತರಲ್ಲಿ ಒಂಬತ್ತು ಮಕ್ಕಳು ಪ್ರಾಯಕ್ಕೆ ಬರುತ್ತಾರೆ. ಅಮೆರಿಕದಲ್ಲಿ ಈ ದೋಷವಿರುವ ಮಕ್ಕಳಿಗಿಂತ ದೊಡ್ಡವರ ಸಂಖ್ಯೆಯೇ ಹೆಚ್ಚು. ಅಲ್ಲಿ ಕೂಡ ಇದನ್ನೊಂದು ಪ್ರತ್ಯೇಕ ವೈದ್ಯಕೀಯ ಶಾಖೆಯೆಂದು ಒಪ್ಪಿ ಪರೀಕ್ಷೆ ನಡೆಸಿದ್ದು 2015ರಲ್ಲಿ ಮೊದಲು. ನಾವು ತಡಮಾಡಿದ್ದಕ್ಕೆ ಇದೊಂದು ಸಮಾಧಾನವೆಂದು ಬೇಕಾದರೆ ಅಂದುಕೊಳ್ಳಬಹುದು.

ನಮಗೆ ಈ ವಿಷಯ ಪುಸ್ತಕದಿಂದ ಬಂದದ್ದಲ್ಲ, ಅಕ್ಕನ ಮನೆಯಿಂದ ಬಂದದ್ದು. ಅಕ್ಕ-ಭಾವ ಕುರ್ಲಾದ ಚಾಳೊಂದರ ನೆಲಮಾಳಿಗೆಗೆ ಸಮನಾದ ಕೋಣೆಯಲ್ಲಿದ್ದರು. ಭಾವ ಫೋರ್ಟಿನ ಉಡುಪಿ ಹೊಟೇಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. 1992ರಲ್ಲಿ ಹುಟ್ಟಿದ ಅವರ ಮಗಳು ನಡೆಯಲು ಕಲಿತ ಮೇಲೆ ಒಂದು ವಿಚಿತ್ರ ಅಭ್ಯಾಸ ಬೆಳೆಸಿಕೊಂಡಳು. ನಾಲ್ಕು ಹೆಜ್ಜೆ ಓಡಿದರೆ ಸಾಕು, ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಡುವಳು. ಚಾಳಿನವರಿಗೆ ಅದು ತಮಾಷೆ. ತುಟಿ ನೇರಳೆ ಹಣ್ಣು ತಿಂದವರಂತೆ ಇರುವುದನ್ನು ಮೊದಲು ಗಮನಿಸಿದವರು ಬಾಲವಾಡಿಯ ಟೀಚರು. ಹಾಗೆ ಕೂತಾಗ ಕಾಲಿನ ನಾಳಗಳು ಒತ್ತಿಕೊಂಡು ಶ್ವಾಸಕೋಶಕ್ಕೆ ಸ್ವಲ್ಪ ಹೆಚ್ಚು ರಕ್ತ ಹೋಗುತ್ತದೆ, ಆ ಮಗು ಯಾರೂ ಹೇಳಿಕೊಡದೆ ತನ್ನ ಚಿಕಿತ್ಸೆಯನ್ನು ತಾನೇ ಕಂಡುಕೊಂಡಿತ್ತು ಎಂಬುದು ನಮಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. 1888ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ವೈದ್ಯರ ಹೆಸರು ಅದಕ್ಕಿದೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶದ ದಾರಿ ಇಕ್ಕಟ್ಟು, ಮಹಾಧಮನಿಯ ಸ್ಥಾನಪಲ್ಲಟ, ಬಲಕೋಣೆಯ ಗೋಡೆ ದಪ್ಪ: ನಾಲ್ಕು ದೋಷಗಳ ಕೂಟ.

1997ರಲ್ಲಿ ಮಧ್ಯ ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆಯಾಯಿತು. ಆಗ ನಾವು ಕಾಲೇಜಿನಲ್ಲಿದ್ದೆವು. ಭಾವನ ಹೊಟೇಲಿನ ಏಳು ಮಂದಿ ಹುಡುಗರು, ಅರ್ಧ ಜನ ಕುಂದಾಪುರ ಕಡೆಯವರು, ಬೆಳಗ್ಗಿನ ಇಡ್ಲಿ ವಡೆಯ ಗಿರಾಕಿ ಮುಗಿಸಿ ಬಂದು ರಕ್ತ ಕೊಟ್ಟು ಮತ್ತೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸಕ್ಕೆ ಹೋದರು. ಹನ್ನೆರಡನೆಯ ದಿನ ಮಗು ಗುಲಾಬಿ ತುಟಿಯೊಂದಿಗೆ ಮನೆಗೆ ಬಂತು. ಡಿಸ್ಚಾರ್ಜ್ ಕಾರ್ಡಿನ ಮೇಲೆ ಬರೆದಿತ್ತು: ಟೋಟಲ್ ಕರೆಕ್ಷನ್.

ಈ ಎರಡು ಪದಗಳ ಬಗ್ಗೆ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಮುಂದೆ ಇಂಗ್ಲಿಷ್ ಎಂ.ಎ. ಓದುವವರಿದ್ದ ನಮ್ಮನ್ನೇ ಆ ದಿನ ಮನೆಯವರು ಅರ್ಥ ಕೇಳಿದ್ದರು. ಟೋಟಲ್ ಎಂದರೆ ಪೂರ್ತಿ, ಕರೆಕ್ಷನ್ ಎಂದರೆ ಸರಿಪಡಿಸುವುದು. ಪದಗಳಿಗೆ ಬೇರೆ ಅರ್ಥವೇ ಇಲ್ಲ. ಭಾರತದ ಆಸ್ಪತ್ರೆಗಳಲ್ಲಿ ಇದು ರೂಢಿಯ ಮಾತು, ಯಾರೂ ಮೋಸ ಮಾಡಲು ಬರೆದದ್ದಲ್ಲ. ಮೊದಲು ನಾಳ ಜೋಡಿಸಿ ಕಾಲ ತಳ್ಳುವ ಅರೆಚಿಕಿತ್ಸೆಯಿತ್ತಲ್ಲ, ಅದರ ಎದುರಿಗೆ ಇದು ಟೋಟಲ್. ವೈದ್ಯರ ನಡುವೆ ಅದಕ್ಕೆ ಈ ಸೀಮಿತ ಅರ್ಥ. ತಾಯಿಯ ಕಿವಿಗೆ ಬಿದ್ದಾಗ ಅದು ವರದಾನ. ಅಕ್ಕ ಕಟೀಲಿಗೆ ಹೋಗಿ ಹೂವಿನ ಪೂಜೆ ಕೊಟ್ಟು ಬಂದಳು. ಇಂದಿನ ತಜ್ಞರು 'ರಿಪೇರಿ' ಎಂಬ ಪದವನ್ನೇ ಹೆಚ್ಚು ಬಳಸುತ್ತಾರೆ. ನಮಗೆ ಅದೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ರಿಪೇರಿಯಾದ ವಸ್ತುವನ್ನು ಆಗಾಗ ನೋಡಿಕೊಳ್ಳಬೇಕೆಂದು ಸೈಕಲ್ ಇಟ್ಟುಕೊಂಡವನಿಗೂ ಗೊತ್ತು.

ಒಳಗೆ ನಡೆದಿರುವುದು ಹೀಗೆ. ಶ್ವಾಸಕೋಶದ ಇಕ್ಕಟ್ಟಾದ ದಾರಿಯನ್ನು ಅಗಲಮಾಡುವಾಗ ಅಲ್ಲಿರುವ ಕವಾಟದ ಉಂಗುರವನ್ನೂ ಸೀಳಿ ತೇಪೆ ಹಾಕಬೇಕಾಗುವುದುಂಟು. ದಾರಿ ತೆರೆಯುತ್ತದೆ, ಬಾಗಿಲು ಹೋಗುತ್ತದೆ. ಪ್ರತಿ ಬಡಿತಕ್ಕೂ ಮುಂದೆ ಹೋದ ರಕ್ತದಲ್ಲಿ ಒಂದಿಷ್ಟು ಹಿಂದಕ್ಕೆ ಸುರಿಯುತ್ತದೆ. ಮಗುವಿನ ಹೃದಯ ಅದನ್ನು ಸಹಿಸಿಕೊಳ್ಳುತ್ತದೆ, ಶಾಲೆಗೆ ಹೋಗುತ್ತದೆ, ಗರ್ಬಾ ಕುಣಿಯುತ್ತದೆ. ಹತ್ತು, ಇಪ್ಪತ್ತು ವರ್ಷಗಳಲ್ಲಿ ಬಲಕೋಣೆ ನಿಧಾನವಾಗಿ ಉಬ್ಬುತ್ತದೆ. ನೋವಿಲ್ಲ, ಜ್ವರವಿಲ್ಲ. ಒಂದು ದಿನ ಬಡಿತದ ಲಯ ತಪ್ಪುತ್ತದೆ. ಸರಿಯಾದ ಹೊತ್ತಿನಲ್ಲಿ ಹೊಸ ಕವಾಟ ಕೂರಿಸಿದರೆ ಉಬ್ಬಿದ ಕೋಣೆ ಮತ್ತೆ ಕುಗ್ಗುತ್ತದೆ. ಹೊತ್ತು ಮೀರಿದರೆ ಕುಗ್ಗುವುದಿಲ್ಲ. ಆ ಸರಿಯಾದ ಹೊತ್ತು ಯಾವುದೆಂದು ತಿಳಿಯಲು ಇರುವ ದಾರಿ ವರ್ಷ ವರ್ಷವೂ ನೋಡುತ್ತಿರುವುದೊಂದೇ.

ಅಕ್ಕ ಮೊದಲ ವರ್ಷಗಳಲ್ಲಿ ತಪ್ಪದೆ ಕರೆದೊಯ್ದಳು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ನಿವೃತ್ತರಾದರು. ಹೊಸಬರು ಹುಡುಗಿಯ ಮುಖ ನೋಡಿ "ಚೆನ್ನಾಗಿದ್ದಾಳಲ್ಲ" ಎಂದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ನದಿ ಕುರ್ಲಾದ ಆ ಚಾಳಿನೊಳಗೆ ಎದೆಮಟ್ಟ ನುಗ್ಗಿತು. ಮಂಚದ ಕೆಳಗಿನ ಟ್ರಂಕಿನಲ್ಲಿ ಭಾವನ ರೇಷನ್ ಕಾರ್ಡು, ಊರ ಜಾಗದ ಪತ್ರ, ಮಗಳ ಆಸ್ಪತ್ರೆಯ ಫೈಲು ಎಲ್ಲ ಒಟ್ಟಿಗೆ ಇದ್ದವು. ನೀರಿಳಿದ ಮೇಲೆ ಅಕ್ಕ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಒಣಹಾಕಿದಳು. ಜಾಗದ ಪತ್ರ ಉಳಿಯಿತು. ಎಕ್ಸ್‌ರೇ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಟ್ಟಿದ್ದವು; ಡಿಸ್ಚಾರ್ಜ್ ಕಾರ್ಡಿನ ಶಾಯಿ ಕರಗಿ ನೀಲಿಯ ಮಚ್ಚೆಯಾಗಿತ್ತು. ಹೇಗಿದ್ದರೂ ವಾಸಿಯಾದ ಕಾಯಿಲೆಯಲ್ಲವೆ ಎಂದು ಮನೆಯಲ್ಲಿ ಯಾರೂ ಅದಕ್ಕೆ ಹೆಚ್ಚು ದುಃಖಿಸಲಿಲ್ಲ.

2018ರಲ್ಲಿ ಅವಳ ಮದುವೆಯಾಗಿ ಡೊಂಬಿವಲಿಗೆ ಹೋದಳು. ಮದುವೆಯ ಮಾತುಕತೆಯಲ್ಲಿ ಎದೆಯ ಗಾಯದ ಗುರುತಿನ ಪ್ರಸ್ತಾಪ ಬರಬೇಕೆ ಬೇಡವೆ ಎಂದು ಮನೆಯಲ್ಲಿ ಎರಡು ರಾತ್ರಿ ಚರ್ಚೆಯಾಯಿತು. ನಮ್ಮ ಸಮಾಜದಲ್ಲಿ ಇಂಥ ಗುರುತನ್ನು ಎತ್ತರದ ಕುತ್ತಿಗೆಯ ರವಿಕೆಯಿಂದ ಮುಚ್ಚಿ ಸಂಬಂಧ ಬೆಳೆಸಿದ ಮನೆಗಳನ್ನು ನಾವು ಬಲ್ಲೆವು. ಗುರುತು ಕಂಡ ಮೇಲೆ ಸಂಬಂಧ ಮುರಿದ ಮನೆಗಳನ್ನೂ ಬಲ್ಲೆವು. ಹುಡುಗಿಯೇ ಆ ಚರ್ಚೆಯನ್ನು ಮುಗಿಸಿದಳು. ಮಾತುಂಗಾದ ಹೊಟೇಲೊಂದರಲ್ಲಿ ಹುಡುಗನ ಎದುರು ಕೂತು, ಕಾಫಿ ಬರುವ ಮೊದಲೇ ಹೇಳಿಬಿಟ್ಟಳಂತೆ. ಅವನು ತನಗೆ ಕನ್ನಡಕದ ಪವರ್ ಮೈನಸ್ ಎಂಟು ಇದೆಯೆಂದು ಉತ್ತರ ಕೊಟ್ಟನಂತೆ. ಅಳಿಯನ ಮೇಲೆ ನಮಗೆ ಪ್ರೀತಿ ಹುಟ್ಟಿದ್ದು ಈ ಮಾತಿನಿಂದ.

ಮರುವರ್ಷ ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವಳಿಗೆ ಎದೆ ಡವಗುಟ್ಟಿ ಕಣ್ಣು ಕತ್ತಲೆ ಬಂತು. ಹತ್ತಿರದ ವೈದ್ಯರು ಗ್ಯಾಸ್ ಎಂದರು. ಉಪನಗರದ ಒಂದು ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ಇ.ಸಿ.ಜಿ. ತೆಗೆದು, ಇದು ವಿಚಿತ್ರವಾಗಿದೆ, ಆದರೆ 27ರ ಹುಡುಗಿಗೆ ಬ್ಲಾಕೇಜ್ ಇರಲಾರದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಆ ತಜ್ಞರು ಅಸಮರ್ಥರಲ್ಲ. ದಿನಕ್ಕೆ ನೂರು ಜನರ ಹೃದಯ ನೋಡುವವರು; ಆ ನೂರು ಜನರೂ ರಕ್ತನಾಳ ಕಟ್ಟಿಕೊಂಡ ಐವತ್ತು ದಾಟಿದವರು. ಇವಳ ಹೃದಯದ ನಕ್ಷೆಯೇ ಬೇರೆ. ಅದನ್ನು ಓದಬಲ್ಲವರು ಮಕ್ಕಳ ಹೃದ್ರೋಗ ತಜ್ಞರು, ಅವರು ಕೂರುವುದು ಮಕ್ಕಳ ಆಸ್ಪತ್ರೆಯಲ್ಲಿ.

ಕೊನೆಗೆ ಅಲ್ಲಿಗೇ ಹೋದೆವು. ಗೋಡೆಯ ಮೇಲೆ ಆನೆ, ಜಿರಾಫೆ, ಬೆಂಚುಗಳೆಲ್ಲ ಮೊಣಕಾಲೆತ್ತರ. ಸುತ್ತ ಹಾಲೂಡಿಸುವ ತಾಯಂದಿರು. ಹೆಸರು ಕೂಗಿದಾಗ ಇವಳು ಎದ್ದು ಹೋದಳು. ನರ್ಸ್ ಇವಳ ಹಿಂದೆ ಮುಂದೆ ನೋಡಿ, "ಬಾಳ್ ಕುಠೆ ಆಹೇ?" ಎಂದು ಕೇಳಿದರು. ಮಗು ಎಲ್ಲಿ? "ಮೀಚ್ ಬಾಳ್," ಎಂದಳು ಇವಳು. ನಾನೇ ಮಗು. ನರ್ಸ್ ನಕ್ಕರು, ಇವಳೂ ನಕ್ಕಳು. ತೂಕದ ಯಂತ್ರ ಕೂಸುಗಳ ತೊಟ್ಟಿಲಿನದಾದ್ದರಿಂದ ಪಕ್ಕದ ವಾರ್ಡಿನಿಂದ ದೊಡ್ಡವರದನ್ನು ತರಿಸಿದರು.

ಆ ವೈದ್ಯೆ ಹತ್ತೇ ನಿಮಿಷದಲ್ಲಿ ಇಡೀ ಕಥೆಯನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಯಾವ ವರ್ಷ, ಎಲ್ಲಿ, ಯಾರು ಮಾಡಿದ್ದು, ಉಂಗುರಕ್ಕೆ ತೇಪೆ ಹಾಕಿದ್ದರೇ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಉತ್ತರವಿದ್ದ ಕಾಗದ ಮೀಠಿ ನದಿಯಲ್ಲಿ ಹೋಗಿತ್ತು. ಹಳೆಯ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅಷ್ಟು ಹಿಂದಿನದೇನೂ ಉಳಿದಿರಲಿಲ್ಲ. ಬಲಕೋಣೆ ಎಷ್ಟು ಉಬ್ಬಿದೆಯೆಂದು ಅಳೆಯಲು ಹೃದಯದ ಎಂ.ಆರ್.ಐ. ಆಗಬೇಕೆಂದು 2020ರ ಏಪ್ರಿಲ್ ತಿಂಗಳಿಗೆ ದಿನ ಕೊಟ್ಟರು.

ಆ ಏಪ್ರಿಲ್ ಹೇಗಿತ್ತೆಂದು ಯಾರಿಗೂ ಹೇಳಬೇಕಾಗಿಲ್ಲ. ಮಾರ್ಚ್ 23ರಿಂದ ಲೋಕಲ್ ರೈಲು ನಿಂತಿತು. ಬೇಸಗೆ ಕಳೆದ ಮೇಲೆ ಅಗತ್ಯ ಸೇವೆಯವರಿಗೆ, ಆಮೇಲೆ ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ರೈಲು ತೆರೆಯಿತು. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು ನಾವು ಖಾಲಿ ಡಬ್ಬದಲ್ಲಿ ಕಿಟಕಿ ಪಕ್ಕ ಕೂತು ಕಚೇರಿಗೆ ಹೋಗುತ್ತಿದ್ದೆವು. ಡೊಂಬಿವಲಿಯ ಗೇಟಿನಲ್ಲಿ ಅವಳಿಗೆ ತೋರಿಸಲು ಇದ್ದದ್ದು ಎದೆಯ ಮೇಲಿನ ಗೀಟು, ಅದಕ್ಕೆ ರೈಲ್ವೆಯ ಮೊಹರಿಲ್ಲ. ಅಕ್ಟೋಬರ್ 21ರಿಂದ ಮಹಿಳೆಯರಿಗೆ ಗೊತ್ತಾದ ಹೊತ್ತಿನಲ್ಲಿ ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕಿತು. ನವೆಂಬರಿನಲ್ಲಿ ಎಂ.ಆರ್.ಐ. ಆಯಿತು. ಇನ್ನು ಕಾಯುವಂತಿಲ್ಲ ಎಂದರು ವೈದ್ಯೆ.

ಅಳಿಯನ ಕಂಪೆನಿಯ ಗುಂಪು ವಿಮೆಯವರು ಮೊದಲು ಕೇಳಿದ ಪ್ರಶ್ನೆ, ಈ ಕಾಯಿಲೆ ಯಾವಾಗಿನಿಂದ ಇದೆ? ಹುಟ್ಟಿದಾಗಿನಿಂದ. ಹಾಗಾದರೆ ಹಿಂದಿನ ಚಿಕಿತ್ಸೆಯ ದಾಖಲೆ ಕೊಡಿ. ಮತ್ತೆ ಅದೇ ಮೀಠಿ ನದಿ. ಪತ್ರ ಬರೆಯುವುದು ನಮ್ಮ ವೃತ್ತಿಯಾದ್ದರಿಂದ ಆ ಎರಡು ತಿಂಗಳು ನಾವು ಬರೆದ ಪತ್ರಗಳ ಕಟ್ಟು ಸಣ್ಣದಲ್ಲ. ಅರ್ಧಕ್ಕೂ ಹೆಚ್ಚು ಹಣ ಮಂಜೂರಾಯಿತು. ಉಳಿದದ್ದಕ್ಕೆ ಅಕ್ಕನ ಬಳೆ, ಆಸ್ಪತ್ರೆಯ ಸಮಾಜಸೇವಾ ವಿಭಾಗ ತೋರಿಸಿಕೊಟ್ಟ ಎರಡು ಟ್ರಸ್ಟು. 2021ರ ಫೆಬ್ರವರಿಯಲ್ಲಿ ಹೊಸ ಕವಾಟ ಕೂರಿತು. ಲೋಹದ ಕವಾಟವಾದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವಮಾನವಿಡೀ ನುಂಗಬೇಕು, ಗರ್ಭದ ಶಿಶುವಿಗೆ ಆ ಮಾತ್ರೆ ಕೆಡುಕು. ಆದ್ದರಿಂದ ಹಸುವಿನ ಹೃದಯದ ಹೊರಪೊರೆಯಿಂದ ಮಾಡಿದ್ದನ್ನು ಆರಿಸಿದರು. ಅಕ್ಕನಿಗೆ ಇದನ್ನು ಹೇಗೆ ತಿಳಿಸುವುದೆಂದು ನಾವೆಲ್ಲ ಹಿಂಜರಿದೆವು. ಅವಳು ಕೇಳಿ, "ಹಸು ತಾನೆ? ಸಣ್ಣವಳಿದ್ದಾಗ ಅದರ ಹಾಲೇ ಕುಡಿದದ್ದು" ಎಂದಳು. ಇಂಥ ಕವಾಟ ಹತ್ತು-ಹದಿನೈದು ವರ್ಷ ಬಾಳುತ್ತದೆ. ಆಮೇಲೆ ಇನ್ನೊಂದು.

2023ರಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ತಾಯಿಯ ಹೃದಯದಲ್ಲಿ ಜನ್ಮದೋಷವಿದ್ದರೆ ಮಗುವಿಗೂ ಬರುವ ಸಂಭವ ಇತರರಿಗಿಂತ ಕೆಲವು ಪಟ್ಟು ಹೆಚ್ಚು. ಆದ್ದರಿಂದ ಐದನೆಯ ತಿಂಗಳಿನಲ್ಲಿ ಗರ್ಭದೊಳಗಿನ ಹೃದಯವನ್ನೇ ಸ್ಕ್ಯಾನ್ ಮಾಡಿ ನೋಡಿದರು. ಏನೂ ಇರಲಿಲ್ಲ. ಆ ಸಂಜೆ ಅವಳು ಫೋನು ಮಾಡಿ, "ಮಾಮ, ಇವಳದು ನಾಲ್ಕು ಕೋಣೆಯೂ ಸರಿಯಾಗಿದೆಯಂತೆ, ನಮ್ಮ ಕುರ್ಲಾದ ಮನೆಗಿಂತ ದೊಡ್ಡದು," ಎಂದಳು.

ಇವಳದು ಅದೃಷ್ಟವಂತರ ಕಥೆ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆ ಆಗದೆಯೇ ದೊಡ್ಡವರಾದವರ ಸಾಲು ನಮ್ಮ ದೇಶದಲ್ಲಿ ಬಹಳ ಉದ್ದ. ಮೇಲಿನ ಕೋಣೆಗಳ ನಡುವಿನ ತೂತು ನಲವತ್ತು ವರ್ಷ ಸುಮ್ಮನಿದ್ದು, ಏಣಿ ಹತ್ತುವಾಗ ಏದುಸಿರಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಅದನ್ನು ಇಂದು ತೊಡೆಯ ರಕ್ತನಾಳದ ಮೂಲಕ ಕೊಡೆಯಂಥ ಸಾಧನ ಸೇರಿಸಿ ಎದೆ ಕೊಯ್ಯದೆ ಮುಚ್ಚಲು ಬರುತ್ತದೆ. ಕೆಳಗಿನ ಕೋಣೆಗಳ ದೊಡ್ಡ ತೂತಿನ ಹಾದಿ ಬೇರೆ. ಅದನ್ನು ಹಾಗೆಯೇ ಬಿಟ್ಟರೆ ವರ್ಷಗಳ ಹೆಚ್ಚುವರಿ ರಕ್ತದ ಒತ್ತಡಕ್ಕೆ ಶ್ವಾಸಕೋಶದ ನಾಳಗಳು ಗಟ್ಟಿಯಾಗುತ್ತವೆ. ಒಂದು ಹಂತದ ಮೇಲೆ ಹರಿವು ತಿರುಗಿ, ಕೆಟ್ಟ ರಕ್ತ ಮೈಗೆಲ್ಲ ಸೇರುತ್ತದೆ. 1897ರಲ್ಲಿ ಇದನ್ನು ವರ್ಣಿಸಿದ ವಿಯೆನ್ನಾದ ವೈದ್ಯರ ನೆನಪಿಗೆ ಐಸೆನ್‌ಮೆಂಗರ್ ಎಂಬ ಹೆಸರಿದೆ. ಆಮೇಲೆ ತೂತು ಮುಚ್ಚುವುದೇ ಅಪಾಯ, ಬಸಿರು ಇನ್ನೂ ದೊಡ್ಡ ಅಪಾಯ. ಶ್ರೀಮಂತ ದೇಶಗಳಲ್ಲಿ ಇದು ಕಡಿಮೆಯಾಗುತ್ತ ಬಂದಿದೆ. ನಮ್ಮಲ್ಲಿ ಇಂದಿಗೂ ಹೊರರೋಗಿ ವಿಭಾಗದಲ್ಲಿ ಸಿಗುತ್ತಾರೆ. ಆ ಮಕ್ಕಳ ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದ ಸೋಲಾಪುರ ಕಡೆಯ ಕನ್ನಡ ಹೆಂಗಸೊಬ್ಬರದು ಇದೇ ಕಾಯಿಲೆ. ಶ್ವಾಸಕೋಶದ ಒತ್ತಡ ಇಳಿಸಲು ಅವರು ನುಂಗುವ ಮಾತ್ರೆ ಸಿಲ್ಡೆನಾಫಿಲ್. ಜಗತ್ತು ಅದನ್ನು ವಯಾಗ್ರಾ ಎಂಬ ಹೆಸರಿನಿಂದ ಬಲ್ಲದು. ಔಷಧದಂಗಡಿಯ ಹುಡುಗ ಚೀಟಿ ನೋಡಿ ಮುಖ ನೋಡಿ ನಗುತ್ತಾನೆಂದು ಅವರು ತಮ್ಮ ಊರಿನಲ್ಲಿ ಕೊಳ್ಳುವುದಿಲ್ಲ, ಮುಂಬಯಿಗೆ ಬಂದಾಗ ಮೂರು ತಿಂಗಳಿನದನ್ನು ಒಯ್ಯುತ್ತಾರೆ. ತಿಂಗಳುಗಟ್ಟಲೆ ಮಾತ್ರೆ ತಪ್ಪಿದ್ದೂ ಇದೆಯಂತೆ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉದ್ಘಾಟನೆಯಾದದ್ದು 2013ರ ಫೆಬ್ರವರಿಯಲ್ಲಿ, ನಮ್ಮ ಪಶ್ಚಿಮ ರೈಲಿನ ದಾರಿಯ ಪಾಲಘರ್‌ನಲ್ಲೇ. ಅಂಗನವಾಡಿ, ಶಾಲೆಗಳಿಗೆ ವೈದ್ಯರ ತಂಡ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತದೆ, ಹೃದಯದೋಷವಿದ್ದರೆ ಶಸ್ತ್ರಚಿಕಿತ್ಸೆಗೆ ಕಳಿಸುತ್ತದೆ. ಅದರಿಂದ ಬದುಕಿದ ಮಕ್ಕಳು ಬಹಳ. ಖಾರ್ಘರ್‌ನ ಶ್ರೀ ಸತ್ಯಸಾಯಿ ಸಂಜೀವನಿ ಕೇಂದ್ರದಲ್ಲಿ ಮಕ್ಕಳ ಹೃದಯಕ್ಕೆ ಹಣವಿಲ್ಲದೆ ಚಿಕಿತ್ಸೆಯಿದೆ. ಬೆಂಗಳೂರಿನ ಜಯದೇವ, ನಾರಾಯಣ ಹೃದಯಾಲಯಗಳಿಗೆ ಇಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಮನೆಗಳೂ ಉಂಟು. ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ರೈಲು ದರದಲ್ಲಿ ರಿಯಾಯಿತಿಯೂ ಇದೆ. ಆದರೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಯೋಮಿತಿ 18. ಮೊದಲ ವರ್ಷಗಳಲ್ಲಿ ಅದರಡಿ ಕೊಯ್ಯಿಸಿಕೊಂಡ ಶಾಲಾಮಕ್ಕಳು ಈಗ ಆ ಗೆರೆಯನ್ನು ದಾಟಿಯಾಗಿದೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ದೊಡ್ಡವರಿಗಾಗಿ ಗೊತ್ತಾದ ದಿನ ಕ್ಲಿನಿಕ್ ನಡೆಯುತ್ತದೆ, ಬಹುಮಟ್ಟಿಗೆ ಮಕ್ಕಳ ತಜ್ಞರೇ ತಮ್ಮ ಬಿಡುವಿನಲ್ಲಿ ನಡೆಸುವುದು. ಅಲ್ಲಿಗೆ ಹೋಗಬೇಕೆಂದು ತಿಳಿದಿರುವವರಿಗೆ ಅದು ಸಿಗುತ್ತದೆ.

ತಿಳಿಸುವ ಕೆಲಸವನ್ನು ನಮ್ಮ ಸಂಘಗಳು ಮಾಡಬಹುದಿತ್ತು. ಮುಂಬಯಿಯ ಕನ್ನಡ ಸಂಘಗಳು ಭಾನುವಾರ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ, ನಲವತ್ತು ದಾಟಿದವರಿಗೆ ಇ.ಸಿ.ಜಿ. ಇರುತ್ತದೆ. ಟೇಬಲ್ ಜೋಡಿಸುವ, ಉಪ್ಪಿಟ್ಟು ಹಂಚುವ ಹುಡುಗ ಹುಡುಗಿಯರ ಎದೆಯ ಮೇಲೆ ಗೀಟಿದೆಯೇ, ಕೊನೆಯ ಸಲ ಎಕೋ ಮಾಡಿಸಿದ್ದು ಯಾವಾಗ ಎಂದು ಕೇಳುವ ಪದ್ಧತಿ ಇಲ್ಲ. ಹಲ್ಲು ಕೀಳಿಸುವ ಮುನ್ನ ವೈದ್ಯರಿಗೆ ಹೃದಯದ ವಿಷಯ ಹೇಳಬೇಕು, ಕೃತಕ ಕವಾಟವಿದ್ದವರು ಆಗ ಆಂಟಿಬಯೋಟಿಕ್ ತೆಗೆದುಕೊಳ್ಳದಿದ್ದರೆ ಬಾಯಿಯ ಸೋಂಕು ಕವಾಟಕ್ಕೆ ಹತ್ತಬಹುದು ಎಂಬ ಒಂದು ಮಾತು ಎಷ್ಟು ಮನೆಗಳಲ್ಲಿ ಗೊತ್ತಿದೆ? ಶಸ್ತ್ರಚಿಕಿತ್ಸೆಯ ಕಾಗದವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರು ಬಂಧುಗಳಿಗೆ ಕಳಿಸಿಡಲು ಕಾಸು ಖರ್ಚಿಲ್ಲ. ನಮ್ಮ ಸೊಸೆಯ ಈಗಿನ ಫೈಲು ಮೂರು ಊರುಗಳಲ್ಲಿದೆ, ಅದರಲ್ಲಿ ಒಂದು ಪ್ರತಿ ಕಾರ್ಕಳದಲ್ಲಿ, ಗುಡ್ಡದ ಮೇಲಿನ ಮನೆಯಲ್ಲಿ.

ವಯಸ್ಸಿನ ಗೆರೆ ನಮ್ಮ ಕಚೇರಿಯ ಮೇಜಿನ ಮೇಲೂ ಬರುತ್ತದೆ. ನೌಕರರ ವೈದ್ಯಕೀಯ ಕಡತಗಳು ನಮ್ಮ ಕೈ ದಾಟಿಯೇ ಹೋಗಬೇಕು. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ನೌಕರನ ಮಗನಿಗೆ ಸೌಲಭ್ಯ 25 ವರ್ಷದವರೆಗೆ, ಅಥವಾ ಅವನು ದುಡಿಯುವವರೆಗೆ, ಅಥವಾ ಮದುವೆಯಾಗುವವರೆಗೆ, ಯಾವುದು ಮೊದಲೋ ಅದು. ಶಾಶ್ವತ ಅಂಗವೈಕಲ್ಯವಿದ್ದರೆ ವಯೋಮಿತಿಯಿಲ್ಲ. ನಿಯಮ ಕೆಟ್ಟದ್ದಲ್ಲ, 25ಕ್ಕೆ ಮಗ ತನ್ನ ಕಾಲ ಮೇಲೆ ನಿಲ್ಲುತ್ತಾನೆಂದು ತಿಳಿಯುವುದು ಸಹಜ. ನಮ್ಮ ಸಹೋದ್ಯೋಗಿಯೊಬ್ಬರ ಮಗ ಕೆಳಗಿನ ಒಂದೇ ಕೋಣೆ ಬೆಳೆದ ಹೃದಯದೊಂದಿಗೆ ಹುಟ್ಟಿದವನು. ಮೂರು ಹಂತದ ಶಸ್ತ್ರಚಿಕಿತ್ಸೆಯಾಗಿ, ಮೈಯ ನೀಲಿ ರಕ್ತ ಹೃದಯವನ್ನು ಬಳಸಿಕೊಂಡು ನೇರವಾಗಿ ಶ್ವಾಸಕೋಶಕ್ಕೆ ಹರಿಯುವಂತೆ ಮಾಡಿದ್ದಾರೆ. ಬಿ.ಕಾಂ. ಮುಗಿಸಿದ್ದಾನೆ. ಎರಡು ಕಡೆ ಕೆಲಸಕ್ಕೆ ಸೇರಿದ, ವಿರಾರ್ ಲೋಕಲಿನ ನೂಕುನುಗ್ಗಲು ಅವನ ಮೈಗೆ ಆಗಲಿಲ್ಲ. ನೋಡಿದರೆ ಆರೋಗ್ಯವಂತ ಹುಡುಗ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಹಿಮೋಫಿಲಿಯಾ, ಥಲಸೇಮಿಯಾ, ಸಿಕಲ್ ಸೆಲ್ ಕಾಯಿಲೆ ಅದರಲ್ಲಿವೆ. ಹೃದಯದ ಜನ್ಮದೋಷ ಇಲ್ಲ.

ಕಳೆದ ವಾರ ಆ ಸಹೋದ್ಯೋಗಿ ಅರ್ಜಿಯ ಕರಡು ತಂದಿದ್ದರು. "ಸರ್, ನೀವು ಇಂಗ್ಲಿಷ್ ಎಂ.ಎ. ಅಲ್ಲವೆ, ಈ 'ಪರ್ಮನೆಂಟ್' ಎಂಬ ಪದಕ್ಕೆ ನಮ್ಮ ಹುಡುಗ ಹೇಗಾದರೂ ಹೊಂದುತ್ತಾನೆಯೇ ನೋಡಿ," ಎಂದರು. ಕರಡನ್ನು ಎರಡು ಸಲ ತಿದ್ದಿದ್ದೇವೆ. ಶಸ್ತ್ರಚಿಕಿತ್ಸೆಯ ವರದಿಗಳು, ಈಚಿನ ಎಕೋ, ವೈದ್ಯರ ಪ್ರಮಾಣಪತ್ರ ಸೇರಿಸಿ, ಸಹಾನುಭೂತಿಯಿಂದ ಪರಿಶೀಲಿಸಬೇಕೆಂಬ ಟಿಪ್ಪಣಿಯೊಂದಿಗೆ ಕಡತ ಸೋಮವಾರ ಮೇಲಕ್ಕೆ ಹೋಗಿದೆ. ಹುಡುಗನಿಗೆ 25 ತುಂಬುವುದು ಬರುವ ಮಾರ್ಚ್ ತಿಂಗಳಿನಲ್ಲಿ.